ಗೋಪುರ ಎಡಕ್ಕೆ, ಸೇತುವೆ ಬಲಕ್ಕೆ

ಮಾರ್ಚ್ 3

ಪ್ರೀತಿಯ ಮಾವ,

ನಮಸ್ಕಾರ. ಮದುವೆಯಾಗಿ ಇವತ್ತಿಗೆ ಐದು ವಾರ, ಎರಡು ದಿನ. ಅಷ್ಟರಲ್ಲಿ ನಿಮಗೆ ಮೂರು ಸಲ ಫೋನ್ ಮಾಡಿದ್ದೇನೆ. ಮೂರು ಸಲವೂ ನೀವು "ಹಲೋ, ಯಾರು ಬೇಕಿತ್ತು?" ಎಂದಿರಿ. ನಾನು "ನಾನೇ ಮಾವ, ನಿಮ್ಮ ಸೊಸೆ!" ಎಂದು ಬಿಲ್ಡಿಂಗಿಗೆಲ್ಲ ಕೇಳುವ ಹಾಗೆ ಕೂಗಿದೆ. ನೀವು "ಫೋಟೋ ಸ್ಟುಡಿಯೋ ಒಂಬತ್ತಕ್ಕೆ ತೆಗೀತೀವಿ, ಬನ್ನಿ" ಎಂದು ಇಟ್ಟುಬಿಟ್ಟಿರಿ.

ಅದಕ್ಕೇ ಈ ಪತ್ರ. "ಅಪ್ಪನ ಕಿವಿಗೆ ಫೋನ್ ಆಗಲ್ಲ ಕಣೇ. ಕಾಗದ ಹಾಕು, ತಪ್ಪದೆ ಉತ್ತರ ಬರೀತಾರೆ" ಎಂದು ನಿಮ್ಮ ಮಗನೇ ಹೇಳಿಕೊಟ್ಟರು. ನೀವೇ ಯಾಕೆ ಬರೆಯಬಾರದು ಎಂದು ಅವರನ್ನು ಕೇಳಿದರೆ, "ಮೂರು ಸಾಲಿನ ಮೇಲೆ ಹೋದ್ರೆ ನಂಗೆ ಕೈ ನೋಯತ್ತೆ" ಅಂತೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜುವ ಕೈಗೆ ನಾಲ್ಕನೇ ಸಾಲು ಭಾರವಂತೆ! ನಾನಂತೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪುಗಳಿಗೆ ಕೆಂಪು ಗೆರೆ ಎಳೆದು ವಾಪಸು ಕಳಿಸಬೇಡಿ, ಅತ್ತುಬಿಡುತ್ತೇನೆ.

ಈಗ ವಿಷಯ. ಕೂತಿದ್ದೀರಾ? ಕೂತುಕೊಳ್ಳಿ. ಮೇ ತಿಂಗಳಲ್ಲಿ ನಮ್ಮಿಬ್ಬರಿಗೂ ಒಟ್ಟಿಗೆ ಹನ್ನೊಂದು ದಿನ ರಜೆ ಸಿಕ್ಕಿದೆ, ನಾವು ಯೂರೋಪಿಗೆ ಹೋಗುತ್ತಿದ್ದೇವೆ! ಆಸ್ಪತ್ರೆಯ ಎಕ್ಸ್‌ರೇ ರೂಮಿನಲ್ಲಿ ಈ ಸುದ್ದಿ ಹೇಳುತ್ತಾ ಹೇಳುತ್ತಾ ಒಬ್ಬ ಅಜ್ಜನಿಗೆ "ಉಸಿರು ಹಿಡ್ಕೊಳ್ಳಿ" ಎಂದವಳು "ಬಿಡಿ" ಎನ್ನುವುದನ್ನೇ ಮರೆತೆ. ಪಾಪ, ಮುಖ ಕೆಂಪಗೆ ಮಾಡಿಕೊಂಡು ನಿಂತೇ ಇದ್ದರು.

ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ. ಅದರಲ್ಲಿ ಹದಿನೆಂಟು ಊರುಗಳಿವೆ. ಪ್ಯಾರಿಸ್ (ಇದನ್ನು ನಾನು ಮೂರು ಬಣ್ಣದಲ್ಲಿ ಬರೆದಿದ್ದೇನೆ), ವೆನಿಸ್, ವಿಯೆನ್ನಾ, ಪ್ರಾಗ್, ಬ್ರೂಜ್, ಲುಸರ್ನ್, ಬ್ಲೆಡ್, ಇನ್ನೂ ಎಷ್ಟೋ. ಹನ್ನೊಂದು ದಿನಕ್ಕೆ ಹದಿನೆಂಟು ಊರು ಎಂದರೆ ಊರಿಗೆ ಹದಿನಾಲ್ಕೂವರೆ ಗಂಟೆ. "ಅದರಲ್ಲಿ ನಿದ್ದೆ, ಸ್ನಾನ, ನೀನು ತಲೆ ಬಾಚ್ಕೊಳ್ಳೋದು ಕಳೆದ್ರೆ ಊರಿಗೆ ನಲವತ್ತು ನಿಮಿಷ" ಎಂದು ಇವರ ಲೆಕ್ಕ. ಅದಕ್ಕೆ ಒಂದು ನಿಯಮ ಮಾಡಿಕೊಂಡಿದ್ದೇವೆ. ದಿನಕ್ಕೊಬ್ಬರು ಒಂದು ಊರಿಗೆ ಗೀಟು ಹಾಕಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು. ನಿನ್ನೆ ಇವರು ಬ್ರೂಜ್‌ಗೆ ಗೀಟು ಹಾಕಿ "ಬೆಟ್ಟ ಇಲ್ಲ" ಎಂದು ಬರೆದರು. ಅದೂ ಒಂದು ಕಾರಣವೇ ಮಾವ?

ಆದರೆ ಹಾಳೆಯ ತಲೆಯ ಮೇಲೆ ಒಂದು ಖಾಲಿ ಜಾಗವಿದೆ. ಅದಕ್ಕೆ ಯಾರೂ ಗೀಟು ಹಾಕುವ ಹಾಗಿಲ್ಲ. ಅದು ನಿಮ್ಮ ಊರು, ನಿಮ್ಮ ಪರದೆಯ ಊರು.

ಮದುವೆಯ ಮಾರನೇ ದಿನ ನೀವು ನಮ್ಮಿಬ್ಬರನ್ನು ಸ್ಟುಡಿಯೋದಲ್ಲಿ, ನೀವೇ ಬಣ್ಣ ಹಾಕಿ ಬರೆದ ಆ ಪರದೆಯ ಮುಂದೆ ನಿಲ್ಲಿಸಿದಿರಲ್ಲ, ನನ್ನ ಮುಖ ಗೋಡೆಯ ಹಾಗೆ ಬಿಗಿದುಕೊಂಡಿತ್ತು. ಆಗ ನೀವು ಹೇಳಿದಿರಿ: "ನನ್ನನ್ನ ನೋಡ್ಬೇಡ ಮಗೂ, ಆ ಊರು ನೆನಸ್ಕೋ. ಎಡಕ್ಕೆ ಗಡಿಯಾರದ ಗೋಪುರ. ಬಲಕ್ಕೆ ಮೂರು ಕಮಾನಿನ ಸೇತುವೆ. ನಡುವೆ ನೀರು. ಗೋಪುರದ ಪಕ್ಕದ ಸಂದಿಯಲ್ಲಿ ಒಂದು ಬೇಕರಿ ಇದೆ, ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೀತಾರೆ. ಬಿಸಿ ಬ್ರೆಡ್ಡು. ವಾಸನೆ ಬಂತಾ?" ನನಗೆ ನಿಜವಾಗಿ ಬಂತು ಮಾವ! ಅಷ್ಟರಲ್ಲಿ ಕ್ಲಿಕ್. ಆ ಫೋಟೋದಲ್ಲಿರುವಷ್ಟು ಚೆಂದ ನಾನು ಹುಟ್ಟಿದಾಗಿನಿಂದ ಎಲ್ಲೂ ಕಂಡಿಲ್ಲ.

ನೀವು ಮದುವೆಗೆ ಮುಂಚೆ ಆ ಊರಲ್ಲಿ ಒಂದು ಬೇಸಿಗೆ ಇದ್ದಿರಂತೆ, ಇವರು ಹೇಳಿದರು. ದಯವಿಟ್ಟು ಅದರ ಹೆಸರು ಬರೆದು ಕಳಿಸಿ. ಮಿಕ್ಕ ಊರುಗಳನ್ನು ಅದರ ಸುತ್ತ ಜೋಡಿಸುತ್ತೇವೆ. ಅತ್ತೆಗೆ ಒಂದು ದೊಡ್ಡ ಅಪ್ಪುಗೆ.

ನಿಮ್ಮ
ಸೊಸೆ


ಮಾರ್ಚ್ 12

ಚಿ. ಸೌ. ಸೊಸೆಗೆ ಆಶೀರ್ವಾದಗಳು.

ಪತ್ರ ತಲುಪಿತು. ಅರಳು ಹುರಿದ ಹಾಗೆ ಬರೆಯುತ್ತೀಯ, ಓದಲು ಸಂತೋಷ. ನಿನ್ನ ಅತ್ತೆ ಕೌಂಟರಿನಲ್ಲಿ ಕೂತು ಫೋಟೋ ಕತ್ತರಿಸುತ್ತಾ ಜೋರಾಗಿ ಓದಿದಳು. ಗಿರಾಕಿಗಳೂ ಕೇಳಿಸಿಕೊಂಡರು. ಫೋನಿನ ವಿಷಯಕ್ಕೆ ನಾಚಿಕೆಯಾಯಿತು.

ನೀವು ಹೋಗುತ್ತಿರುವುದು ಒಳ್ಳೆಯದು. ಪ್ಯಾರಿಸ್‌ಗೆ ಹೋಗಿ. ವೆನಿಸ್‌ಗೆ ಹೋಗಿ, ಅಲ್ಲಿ ಬೆಳಕು ನೀರಿನಿಂದ ಮೇಲಕ್ಕೆ ಬರುತ್ತದೆ, ಕಣ್ಣಿನ ಕೆಳಗೆ ನೆರಳು ಬೀಳುವುದಿಲ್ಲ ಎಂದು ಕೇಳಿದ್ದೇನೆ. ವಿಯೆನ್ನಾ ದೊಡ್ಡ ನಗರ, ಒಂದು ದಿನಕ್ಕೆ ಆಗುವುದಿಲ್ಲ.

ಪರದೆಯ ಊರನ್ನು ಮಾತ್ರ ಬಿಟ್ಟುಬಿಡಿ. ನಲವತ್ತು ವರ್ಷದ ಹಿಂದಿನ ಮಾತು. ಹೆಸರು ಬಾಯಿಗೆ ಬರುತ್ತಿಲ್ಲ. ಬಂದರೂ ಈಗ ಹಾಗಿರುವುದಿಲ್ಲ, ಎಲ್ಲ ಊರೂ ಬದಲಾಗುತ್ತದೆ. ಹುಡುಕಿಕೊಂಡು ಹೋಗಿ ಬೇಸರ ಪಡುವುದಕ್ಕಿಂತ ಹೆಸರಿರುವ ಊರುಗಳೇ ಮೇಲು.

ನಿನ್ನ ಗಂಡನಿಗೆ, ನಮ್ಮ ಪುಟ್ಟನಿಗೆ, ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳು.

ನಿನ್ನ
ಮಾವ


ಮಾರ್ಚ್ 20

ಪ್ರೀತಿಯ ಮಾವ,

ಹೆಸರು ಬಾಯಿಗೆ ಬರುತ್ತಿಲ್ಲವೇ! ಹೋದ ವರ್ಷ ಬಂದ ಗಿರಾಕಿಯ ಹುಬ್ಬು ಹೇಗಿತ್ತು ಎಂದು ನೆನಪಿಟ್ಟುಕೊಳ್ಳುವ ನಿಮಗೆ ಒಂದು ಬೇಸಿಗೆ ಪೂರ್ತಿ ಇದ್ದ ಊರಿನ ಹೆಸರು ಮರೆತುಹೋಗುತ್ತದೆಯೇ? ನಾನು ಒಂದು ರಾತ್ರಿ ಎರಡು ಹಗಲು ಯೋಚಿಸಿ ಪತ್ತೆ ಮಾಡಿದ್ದೇನೆ.

(ಅತ್ತೆ, ಈ ಪ್ಯಾರಾ ನೀವು ಓದಬೇಡಿ. ಮುಂದಿನದಕ್ಕೆ ಹೋಗಿ.)

ಅಲ್ಲಿ ಯಾರೋ ಒಬ್ಬಳು ಇದ್ದಳು, ಅಲ್ವಾ ಮಾವ? ಬೇಕರಿಯಲ್ಲಿ! ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ತೆಗೆಯುವುದು ಅಷ್ಟು ಕರಾರುವಾಕ್ಕಾಗಿ ನೆನಪಿದೆ ಎಂದರೆ ತೆಗೆಯುತ್ತಿದ್ದವಳು ಯಾರು? ನಾನು ಯಾರಿಗೂ ಹೇಳುವುದಿಲ್ಲ, ಆಣೆ. ನನಗಂತೂ ಇದು ಬಹಳ ಚೆಂದ ಅನ್ನಿಸಿತು. ನೀವು ಹೆಸರು ಹೇಳದಿದ್ದರೂ ಅಂಥ ಊರನ್ನು ಹುಡುಕದೆ ಬಿಡಲು ನನಗೆ ಸಾಧ್ಯವೇ ಇಲ್ಲ.

(ಅತ್ತೆ, ಇಲ್ಲಿಂದ ಓದಬಹುದು.)

ನಮ್ಮ ಮದುವೆ ಫೋಟೋವನ್ನು ಮೇಜಿನ ಮೇಲಿಟ್ಟುಕೊಂಡು ಕಂಪ್ಯೂಟರಿನಲ್ಲಿ ಒಂದೊಂದೇ ಊರು ತೆಗೆದು ಹೋಲಿಸುತ್ತಿದ್ದೇವೆ. ಲುಸರ್ನ್‌ನ ಸೇತುವೆ ಮರದ್ದು, ಮೇಲೆ ಸೂರು ಬೇರೆ ಇದೆ, ಇವರ ಗೀಟು. ಬ್ಲೆಡ್‌ನಲ್ಲಿ ನೀರಿನ ನಡುವೆ ನಡುಗಡ್ಡೆ, ಅದರ ಮೇಲೆ ಚರ್ಚು, ನಿಮ್ಮ ಪರದೆಯಲ್ಲಿ ನಡುಗಡ್ಡೆ ಇರಬೇಕಾದ ಕಡೆ ನಮ್ಮಿಬ್ಬರ ತಲೆ ಇದೆ, ಆದ್ದರಿಂದ ಅನುಮಾನ, ಪೆನ್ಸಿಲ್ ಗೀಟು. ಮೂವತ್ತೊಂದು ಸರೋವರ ನೋಡಿಯಾಯಿತು. ಗೋಪುರ ಸಿಕ್ಕರೆ ಸೇತುವೆ ಇಲ್ಲ, ಸೇತುವೆ ಸಿಕ್ಕರೆ ಬೆಟ್ಟ ತಪ್ಪು ಕಡೆ.

ಒಂದು ಮಾತು ಹೇಳಲೇ? ನಿಮ್ಮ ಮಗ ಬಾಯಿ ಬಿಟ್ಟು ಏನೂ ಕೇಳುವವರಲ್ಲ, ನಿಮಗೆ ಗೊತ್ತು. ಮೊನ್ನೆ ಸ್ಕೂಲಿನ ಒಂದು ಹಳೇ ನೋಟ್‌ಬುಕ್ ತೋರಿಸಿದರು. "ನಮ್ಮ ತಂದೆ ಇದ್ದ ಊರು" ಎಂಬ ಪ್ರಬಂಧ. ಮೂರು ಪುಟ ಇದೆ ಮಾವ, ಮೂರು ಸಾಲಲ್ಲ! ಗೋಪುರ, ಸೇತುವೆ, ಬೇಕರಿ, ಎಲ್ಲ. ಕೊನೆಗೆ ಟೀಚರ್ ಬರೆದಿದ್ದಾರೆ: "ನೀನೂ ಒಮ್ಮೆ ಹೋಗಿ ಬಾ." ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ. "ಅಪ್ಪ ನಿಂತಿದ್ದ ಜಾಗದಲ್ಲಿ ಒಂದ್ಸಲ ನಿಂತ್ಕೋಬೇಕು, ಅಷ್ಟೇ" ಎಂದರು. ಆಮೇಲೆ ಲೆನ್ಸ್ ಒರೆಸಲು ಎದ್ದು ಹೋದರು.

ಈಗ ಹೇಳಿ, ನಾನು ಬಿಡಲಿ ಹೇಗೆ?

ನಿಮ್ಮ
ಸೊಸೆ


ಮಾರ್ಚ್ 29 (ಅಂಚೆಗೆ ಹಾಕದೆ ಉಳಿದದ್ದು)

ಮಗೂ,

ನಾನು ಆ ಊರಿಗೆ ಹೋಗಿಲ್ಲ. ಯಾವ ಊರಿಗೂ ಹೋಗಿಲ್ಲ.

ಸ್ಟುಡಿಯೋ ಸೇರಿದ ಮೊದಲ ವರ್ಷ, ಹಡಗಿನ ಡಾಕ್ಟರೊಬ್ಬರು ನಕಲು ಮಾಡಿಸಲು ಯಾವುದೋ ಊರಿನ ಚಿತ್ರವಿದ್ದ ಒಂದು ಸ್ಲೈಡು ಕೊಟ್ಟು ಹೋದರು, ತೆಗೆದುಕೊಳ್ಳಲು ಬರಲೇ ಇಲ್ಲ. ಅದರ ರಟ್ಟಿನ ಮೇಲೆ ಹನ್ನೊಂದು ಎಂಬ ಅಂಕಿ ಬಿಟ್ಟರೆ ಏನೂ ಇರಲಿಲ್ಲ. ಹಳೆಯ ಪರದೆ ಹರಿದಿತ್ತು. ಪ್ರೊಜೆಕ್ಟರಿನಿಂದ ಆ ಚಿತ್ರವನ್ನು ಬಿಳಿ ಬಟ್ಟೆಯ ಮೇಲೆ ಬಿಟ್ಟು, ಗೆರೆ ಎಳೆದು, ಬಣ್ಣ ತುಂಬಿದೆ. ಹನ್ನೆರಡು ದಿನದ ಕೆಲಸ. ಗಡಿಯಾರದಲ್ಲಿ ಹತ್ತೂ ಹತ್ತು ಎಂದು ಮುಳ್ಳು ಬರೆದದ್ದು ನಾನೇ. ಬೇಕರಿ ಆ ಸ್ಲೈಡಿನಲ್ಲಿ ಇರಲಿಲ್ಲ.

ಫೋಟೋ ತೆಗೆಸುವಾಗ ಜನರಿಗೆ ಮುಖ ಬಿಗಿಯುತ್ತದೆ. ನಗಿ ಎಂದರೆ ಹಲ್ಲು ಮಾತ್ರ ತೋರಿಸುತ್ತಾರೆ. ಕಣ್ಣು ದೂರ ಹೋಗಬೇಕು, ಅದಕ್ಕೆ ಹೋಗಲು ಒಂದು ಜಾಗ ಬೇಕು. ಒಂದು ದಿನ ಹೆದರಿ ನಿಂತಿದ್ದ ಮುದುಕಿಯೊಬ್ಬರಿಗೆ ಬೇಕರಿಯ ಮಾತು ಹೇಳಿದೆ. ಆ ಮುಖ ಬಿಚ್ಚಿಕೊಂಡಿತು. "ನೀನು ಹೋಗಿದ್ಯೇನಪ್ಪಾ?" ಎಂದು ಕೇಳಿದರು. "ಹ್ಞೂಂ, ಒಂದು ಬೇಸಿಗೆ ಇದ್ದೆ" ಎಂದೆ. ಆವತ್ತಿನಿಂದ ಅದು ನನ್ನ ಕೆಲಸದ ಭಾಗವಾಯಿತು, ಲೈಟು ಇಡುವ ಹಾಗೆ.

ಪುಟ್ಟ ಪರದೆಯ ಪಕ್ಕದಲ್ಲೇ ಆಡಿಕೊಂಡು ಬೆಳೆದವನು. ದಿನಕ್ಕೆ ಹತ್ತು ಸಲ ಕೇಳಿಸಿಕೊಂಡ. ಆ ಪ್ರಬಂಧ ನನಗೂ ತೋರಿಸಿದ್ದ. ಆವತ್ತೇ ಹೇಳಬೇಕಿತ್ತು. ಅವನ ಕಣ್ಣು ನೋಡಿ ಹೇಳಲಾಗಲಿಲ್ಲ. ಈಗ ಅವನ ಗಡ್ಡದಲ್ಲಿ ಬಿಳಿ ಕೂದಲು ಬಂದಿದೆ, ಈಗ ಹೇಗೆ ಹೇಳಲಿ? ಅಪ್ಪ ನಿಂತಿದ್ದ ಜಾಗವೇ ಇಲ್ಲ ಎಂದು?

ಅಲ್ಲದೆ ನಿನ್ನ ಅತ್ತೆ ಆ ಪ್ಯಾರಾವನ್ನೇ ಮೊದಲು ಓದಿದಳು. ಐದು ದಿನದಿಂದ ಊಟಕ್ಕೆ ಉಪ್ಪಿಲ್ಲ.


ಮಾರ್ಚ್ 30

ಚಿ. ಸೌ. ಸೊಸೆಗೆ ಆಶೀರ್ವಾದಗಳು.

ಪತ್ರ ಬಂತು. ಹೆಸರು ನೆನಪಾಗಿಲ್ಲ. ಬೆಟ್ಟದ ಊರಿನಲ್ಲಿ ಮೇ ತಿಂಗಳಲ್ಲೂ ಚಳಿ, ಸ್ವೆಟರ್ ಇಟ್ಟುಕೊಳ್ಳಿ. ಕೆಲಸ ಜಾಸ್ತಿ ಇದೆ.

ಮಾವ


ಏಪ್ರಿಲ್ 17

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ನಾಲ್ಕೇ ವಾಕ್ಯ ಇದ್ದದ್ದರಿಂದ ಬಾಯಿಪಾಠವೇ ಆಗಿದೆ. ನಾನು ಸಲಿಗೆ ಜಾಸ್ತಿ ತೆಗೆದುಕೊಂಡೆ. ಬೇಕರಿಯ ಹುಡುಗಿ ಎಂದೆಲ್ಲ ಬರೆಯಬಾರದಿತ್ತು. ಮನೆಗೆ ಬಂದು ಎರಡು ತಿಂಗಳೂ ಆಗದ ಸೊಸೆ ಮಾವನ ಹಳೆಯ ವಿಷಯಕ್ಕೆ ಕೈ ಹಾಕುವುದು ತಪ್ಪು. ನನಗೆ ಬಾಯಿಗೂ ತಲೆಗೂ ನಡುವೆ ಬಾಗಿಲೇ ಇಲ್ಲ ಎಂದು ನಮ್ಮಮ್ಮ ಯಾವಾಗಲೂ ಬೈಯುತ್ತಿದ್ದರು. ಕ್ಷಮಿಸಿ. ಅತ್ತೆಗೂ ಬೇಸರವಾಗಿದ್ದರೆ ಅವರಿಗೂ ಕ್ಷಮೆ ತಿಳಿಸಿ.

ಹಾಳೆಯ ಕೆಲಸ ಮುಗಿಯಿತು. ವೆನಿಸ್ ಮೂರು ದಿನ, ಲುಸರ್ನ್ ಎರಡು ದಿನ, ವಿಯೆನ್ನಾ ಎರಡು ದಿನ. ಸೂರಿರುವ ಸೇತುವೆಯನ್ನಾದರೂ ನೋಡೋಣ ಎಂದು ಲುಸರ್ನ್‌ನ ಗೀಟನ್ನು ಇವರೇ ಅಳಿಸಿದರು. ಮಿಕ್ಕ ನಾಲ್ಕು ದಿನಕ್ಕೆ ಊರಿಲ್ಲ. "ಬೆಟ್ಟದ ನಡುವೆ ರೈಲಲ್ಲಿ ಹೋಗೋಣ. ಯಾವ ಕೆರೆ ಕಂಡ್ರೂ ಇಳಿಯೋಣ. ಸಿಕ್ಕಿದ್ರೆ ಸಿಕ್ತು" ಎಂದರು ಇವರು. ಸರೋವರವನ್ನು ಕೆರೆ ಎಂದಾಗ ನನಗೆ ನಗು ಬಂತು, ಆದರೆ ನಗಲಿಲ್ಲ, ಯಾಕೆಂದರೆ ಇವರು ನಗುತ್ತಿರಲಿಲ್ಲ.

ಆ ನಾಲ್ಕು ದಿನ ಪ್ಯಾರಿಸ್‌ಗೆ ಮೀಸಲಾಗಿತ್ತು. ಗೀಟು ಹಾಕಿದ್ದು ನಾನೇ. ಕಾರಣದ ಜಾಗದಲ್ಲಿ "ಗದ್ದಲ" ಎಂದು ಬರೆದೆ. ಅದು ಸುಳ್ಳು ಎಂದು ನಿಮಗೊಬ್ಬರಿಗೆ ಹೇಳುತ್ತಿದ್ದೇನೆ. ಏಳನೇ ಕ್ಲಾಸಿನಿಂದ ನನ್ನ ಪೆನ್ಸಿಲ್ ಬಾಕ್ಸಿನ ಮುಚ್ಚಳದಲ್ಲಿ ಪ್ಯಾರಿಸ್‌ನ ಗೋಪುರದ ಚಿತ್ರವಿತ್ತು. ಇರಲಿ ಬಿಡಿ. ಗೋಪುರ ಅಲ್ಲೇ ಇರುತ್ತದೆ, ಎಲ್ಲಿಗೆ ಹೋಗುತ್ತದೆ? ನಿಮ್ಮ ಮಗ ಕೇಳಿದ್ದು ಒಂದೇ ಒಂದು ಜಾಗ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ,
ಸೊಸೆ


ಮೇ 15

ಮಾವ! ಪ್ರೀತಿಯ ಮಾವ!

ಸಿಕ್ಕಿತು! ನಿಮ್ಮ ಊರು ಸಿಕ್ಕಿತು! ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ವೆನಿಸ್, ಲುಸರ್ನ್ ಎಲ್ಲ ಆಮೇಲೆ ಹೇಳುತ್ತೇನೆ (ನಿಮ್ಮ ಮಾತು ನಿಜ, ವೆನಿಸ್‌ನಲ್ಲಿ ಯಾರ ಕಣ್ಣಿನ ಕೆಳಗೂ ನೆರಳಿಲ್ಲ, ನನಗೆ ಐದು ವರ್ಷ ಕಡಿಮೆಯಾಯಿತು). ಮೊನ್ನೆ ಸಂಜೆ ರೈಲಿನ ಕಿಟಕಿಯಲ್ಲಿ ಮೂರನೇ ಕೆರೆ ಕಂಡಿತು. ಇಳಿದೆವು. ಸ್ಟೇಷನ್ ಈ ದಡದಲ್ಲಿ, ಊರು ಆ ದಡದಲ್ಲಿ, ನಡುವೆ ಒಂದು ದೋಣಿ. ಊರಿನ ಹೆಸರು ಎಷ್ಟುದ್ದ ಇದೆ ಎಂದರೆ ಬರೆದರೆ ಲಕೋಟೆ ಸಾಲುವುದಿಲ್ಲ. ದೋಣಿಯಲ್ಲಿ ಇವರು ಕಣ್ಣು ಕಿರಿದು ಮಾಡಿ ನೋಡಿದರು. "ಅಪ್ಪನ ಊರಿಗೆ ಅಣ್ಣನೋ ತಮ್ಮನೋ ಇದ್ದ ಹಾಗಿದೆ. ಆದ್ರೆ ಅದಲ್ಲ" ಎಂದರು. ಹೆಗಲು ಇಳಿದುಹೋಯಿತು. ನನಗೂ ಅಳು ಬರುವ ಹಾಗಾಯಿತು.

ನಿನ್ನೆ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಇವರು ರೂಮಿನಲ್ಲಿ ಇರಲಿಲ್ಲ. ನಾನು ಕನ್ನಡಿಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ಹಿಂದೆ ಊರು ಕಾಣುವ ಕಿಟಕಿ ತೆರೆದಿತ್ತು. ಬಾಚಣಿಗೆ ಕೈಯಲ್ಲೇ ನಿಂತುಬಿಟ್ಟಿತು ಮಾವ. ಗೋಪುರ ಎಡಕ್ಕೆ. ಸೇತುವೆ ಬಲಕ್ಕೆ, ಮೂರು ಕಮಾನು. ಬೆಟ್ಟದ ಮೂಗು ಕೂಡ ಹಾಗೇ. ನಿಮ್ಮ ಪರದೆ! ತಿರುಗಿ ಕಿಟಕಿಯ ಕಡೆ ನೋಡಿದೆ. ಮತ್ತೆ ಕನ್ನಡಿ ನೋಡಿದೆ. ಆಮೇಲೆ ಸ್ವಲ್ಪ ಹೊತ್ತು ಮಂಚದ ಮೇಲೆ ಸುಮ್ಮನೆ ಕೂತಿದ್ದೆ. ಸಂತೋಷಕ್ಕೆ.

ಆಗ ಇವರು ಏನೋ ಅಗಿಯುತ್ತಾ ಬಂದರು. ಎಲ್ಲಿ ಹೋಗಿದ್ರಿ ಎಂದರೆ "ಸುಮ್ನೆ ಒಂದು ಸುತ್ತು" ಎಂದರು. ನಾನು ಹೇಳಿದೆ, ಇದೇ ರೀ ನಿಮ್ಮಪ್ಪನ ಊರು, ಅವರು ಬಹುಶಃ ಆ ಕಡೆಯ ಗುಡ್ಡದಿಂದ ನೋಡಿ ಬರೆದಿರಬೇಕು, ಅದಕ್ಕೇ ನಿನ್ನೆ ಗುರುತು ಹತ್ತಲಿಲ್ಲ. ಇವರು "ಇರಬಹುದು" ಎಂದರು. ಹೆಚ್ಚು ಕೇಳಲಿಲ್ಲ.

ದಡದ ಕಟ್ಟೆಯ ಮೇಲೆ ನಿಲ್ಲಿಸಿ ಫೋಟೋ ತೆಗೆದೆ. ಇಲ್ಲೇ ಒಂದು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಗಡಿಯಾರ ನೋಡಿ: ಹತ್ತೂ ಹತ್ತು, ನಿಮ್ಮ ಪರದೆಯ ಹಾಗೇ! ಅಷ್ಟು ಹೊತ್ತು ಕಾಯಿಸಿದ್ದಕ್ಕೆ "ಹೊಟ್ಟೆ ತಾಳ ಹಾಕ್ತಿದೆ, ಊಟದ ಹೊತ್ತು ಮೀರಿತು ಮಾರಾಯ್ತಿ" ಎಂದು ಗೊಣಗಿದರು, ಆದರೂ ನಿಂತರು. ಎಲ್ಲವೂ ನೀವು ಹೇಳಿದ ಹಾಗೇ ಇದೆ ಮಾವ. ಒಂದೂ ಬದಲಾಗಿಲ್ಲ.

ನಿಮ್ಮ, ನಿಮ್ಮ, ನಿಮ್ಮ
ಸೊಸೆ


ಜೂನ್ 2

ಮಗೂ,

ಈ ಪತ್ರವನ್ನು ನೀನು ಓದಿ ಪುಟ್ಟನ ಕೈಗೆ ಕೊಡಬೇಕು. ಜೊತೆಗೆ ಮಾರ್ಚಿನಲ್ಲಿ ಬರೆದು ಅಂಚೆಗೆ ಹಾಕದೆ ಡ್ರಾಯರಿನಲ್ಲಿ ಇಟ್ಟಿದ್ದನ್ನೂ ಇಟ್ಟಿದ್ದೇನೆ. ಮೊದಲು ಅದನ್ನು ಓದಿ.

ಫೋಟೋ ತಲುಪಿತು. ನಿನ್ನ ಅತ್ತೆ "ಅಯ್ಯೋ, ಥೇಟ್ ಪರದೇನೇ!" ಎಂದಳು. ನಾನು ಊರು ನೋಡಲಿಲ್ಲ. ನನ್ನ ಕಣ್ಣು ಅಭ್ಯಾಸದಂತೆ ಮನುಷ್ಯನ ಮೇಲೆ ಹೋಯಿತು. ಅಂಗಿಯ ಜೇಬು ಬಲಗಡೆ ಇದೆ. ಕೈಗಡಿಯಾರ ಬಲಗೈಗೆ ಬಂದಿದೆ. ಪುಟ್ಟ ಆರು ವರ್ಷದವನಿದ್ದಾಗ ಸ್ಟುಡಿಯೋ ಸ್ಟೂಲಿನಿಂದ ಬಿದ್ದು, ಎಡಹುಬ್ಬಿಗೆ ಮೂರು ಹೊಲಿಗೆ ಹಾಕಿಸಿದ್ದೆ, ಆ ಗುರುತೂ ಬಲಹುಬ್ಬಿನ ಮೇಲಿದೆ. ಊಟದ ಹೊತ್ತು ಮೀರಿತ್ತು ಎಂದು ನೀನೇ ಬರೆದಿದ್ದೀಯ, ಗಡಿಯಾರ ನೋಡಿದರೆ ಹತ್ತೂ ಹತ್ತು.

ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿಯ ಮುಂದೆ ಫೋಟೋ ಹಿಡಿದೆ. ಮಗ ಸರಿಯಾದ. ಊರು ತಿರುಗಿಕೊಂಡಿತು. ಅಲ್ಲೇ ಸ್ಟೂಲಿನ ಮೇಲೆ ಕೂತೆ.

ನಲವತ್ತು ವರ್ಷದ ನಂತರ ಈಗ ಹೊಳೆಯಿತು. ಬಟ್ಟೆಯ ಮುಂದೆ ಪ್ರೊಜೆಕ್ಟರ್ ಇಟ್ಟರೆ ನನ್ನದೇ ನೆರಳು ಚಿತ್ರದ ಮೇಲೆ ಬೀಳುತ್ತಿತ್ತು. ಅದಕ್ಕೆ ಅದನ್ನು ಬಟ್ಟೆಯ ಹಿಂದೆ ಇಟ್ಟು, ಮುಂದೆ ಕೂತು ಬರೆದೆ. ಹಿಂದಿನಿಂದ ಬಂದ ಚಿತ್ರ ಎಡ ಬಲ ಅದಲು ಬದಲಾಗಿರುತ್ತದೆ ಎನ್ನುವುದು ಹೊಸಬನಿಗೆ ಹೊಳೆಯಲಿಲ್ಲ. ಗಡಿಯಾರದ ಅಂಕಿ ಕಾಣುವಷ್ಟು ದೊಡ್ಡದಿರಲಿಲ್ಲ, ಇದ್ದಿದ್ದರೆ ಗೊತ್ತಾಗುತ್ತಿತ್ತು. ಆಮೇಲೆ ತಿಳಿಯುವುದಾದರೂ ಹೇಗೆ? ನಿಜವಾದ ಊರನ್ನು ನೋಡಿದವನಿಗೆ ತಾನೇ ತಪ್ಪು ಕಾಣುವುದು!

ನೀನು ಕನ್ನಡಿಯಲ್ಲಿ ನೋಡಿದಾಗಲೇ ನಿನಗೆ ಎಲ್ಲ ಅರ್ಥವಾಗಿದೆ. ಮಾವ ಇಲ್ಲಿಗೆ ಬಂದೇ ಇಲ್ಲ ಎಂದು. ಆದರೂ ನನಗೋಸ್ಕರ ಊರನ್ನೇ ತಿರುಗಿಸಿ ಪ್ರಿಂಟ್ ಹಾಕಿಸಿದೆ, ಗಂಡನಿಗೂ ಒಂದು ಕಥೆ ಹೇಳಿದೆ. ಮಗೂ, ಇಷ್ಟು ವರ್ಷದಲ್ಲಿ ನಾನು ಯಾವ ಗಿರಾಕಿಗೂ ತಿರುಗಾಮುರುಗಾ ಫೋಟೋ ಕೊಟ್ಟಿಲ್ಲ. ನನ್ನ ಮಗನ ಫೋಟೋವನ್ನು ಹಾಗೆ ಗೋಡೆಗೆ ಹಾಕಲಾರೆ. ಸರಿಯಾಗಿ ಪ್ರಿಂಟ್ ಹಾಕಿಸಿ ಕಳಿಸು. ಊರು ಹೇಗಿದೆಯೋ ಹಾಗೇ ಬರಲಿ.

ನಿನ್ನ ಅತ್ತೆಗೆ ಮೊನ್ನೆ ಹೇಳಿದೆ. ಕತ್ತರಿ ಕೆಳಗಿಟ್ಟಳು. "ಹಾಗಾದ್ರೆ ಬೇಕರೀಲಿ ಯಾರೂ ಇರ್ಲಿಲ್ವಾ?" "ಬೇಕರೀನೇ ಇರ್ಲಿಲ್ಲ ಕಣೇ." "ಎರಡು ತಿಂಗಳು ಸುಮ್ನೆ ಹೊಟ್ಟೆ ಉರ್ಕೊಂಡ್ನಲ್ಲ!" ಎಂದು ನಕ್ಕಳು, ಆಮೇಲೆ ಸ್ವಲ್ಪ ಅತ್ತಳು. ಊಟಕ್ಕೆ ಉಪ್ಪು ಬಂದಿದೆ.

ನಿನ್ನ ಪ್ಯಾರಿಸ್ ನನ್ನಿಂದ ಹೋಯಿತು. ಅದಕ್ಕೆ ಏನು ಮಾಡಬೇಕೋ ತಿಳಿಯದು.

ನಿನ್ನೆ ಗಂಡ ಹೆಂಡತಿ ಬಂದಿದ್ದರು, ಇಪ್ಪತ್ತೈದು ವರ್ಷದ ಫೋಟೋ ತೆಗೆಸಲು. ಪರದೆಯ ಮುಂದೆ ನಿಲ್ಲಿಸಿದೆ. ಲೈಟು ಸರಿ ಮಾಡಿದೆ. ಬೇಕರಿಯ ಮಾತು ಬಾಯಿಗೆ ಬರಲಿಲ್ಲ. "ಅಲ್ಲಾಡ್ಬೇಡಿ" ಎಂದಷ್ಟೇ ಹೇಳಿ ಒತ್ತಿದೆ. ಇಬ್ಬರೂ ಪಾಸ್‌ಪೋರ್ಟಿಗೆ ನಿಂತ ಹಾಗೆ ಬಂದಿದ್ದಾರೆ. ಪರದೆ ಇಳಿಸಿಬಿಡೋಣ ಎಂದುಕೊಂಡಿದ್ದೇನೆ.

ಪುಟ್ಟಾ, ಅಪ್ಪ ಅಲ್ಲಿ ನಿಂತಿರಲಿಲ್ಲ. ಅಲ್ಲಿ ಮೊದಲು ನಿಂತವನು ನೀನೇ.

ಅಪ್ಪ


ಜೂನ್ 11

ಪ್ರೀತಿಯ ಮಾವ,

ಜೇಬು! ನಾನು ಗಡಿಯಾರಕ್ಕೆ ಅಷ್ಟು ತಲೆ ಕೆಡಿಸಿಕೊಂಡೆ! ತಿರುಗಿಸಿದಾಗ ಹತ್ತೂ ಹತ್ತು ಕಾಣಲಿ ಎಂದು ಲೆಕ್ಕ ಹಾಕಿ, ಇವರನ್ನು ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷ ಇರುವವರೆಗೆ ಬಿಸಿಲಲ್ಲಿ ನಿಲ್ಲಿಸಿದೆ. ಗಂಡನ ಜೇಬು ಮರೆತೆ. ದಿನಕ್ಕೆ ನಲವತ್ತು ಎಕ್ಸ್‌ರೇ ತೆಗೆದು ಪ್ರತಿಯೊಂದಕ್ಕೂ ಎಡ, ಬಲ ಎಂದು ಗುರುತಿಡುವವಳು ನಾನು! ಆಸ್ಪತ್ರೆಯಲ್ಲಿ ಹೇಳಿಬಿಡಬೇಡಿ, ಕೆಲಸ ಹೋಗುತ್ತದೆ.

ನಿಮ್ಮ ಎರಡೂ ಪತ್ರಗಳನ್ನು ಸೋಮವಾರ ಸಂಜೆ ಇವರ ಕೈಗೆ ಕೊಟ್ಟೆ. ಕಿಟಕಿಯ ಹತ್ತಿರ ನಿಂತು ಓದಿದರು. ಮತ್ತೆ ಮೊದಲಿನಿಂದ ಓದಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನಾನು ಮೆಟ್ಟಿಲ ಮೇಲೆ ಕೂತು ಕಾದೆ. ನಿಮ್ಮ ಸೊಸೆ ಅಷ್ಟು ಹೊತ್ತು ಮಾತಾಡದೆ ಇದ್ದದ್ದು ಇದೇ ಮೊದಲು. ಒಂದು ಗಂಟೆಯ ಮೇಲೆ ಬಂದರು. ನನ್ನ ಪಕ್ಕ ಕೂತರು.

"ನಂಗೂ ಅನ್ನಿಸಿತ್ತು" ಎಂದರು. "ಆ ಗುಡ್ಡದ ಕಡೆಯಿಂದ ನೋಡಿದ್ರೆ ಬೆಟ್ಟ ಬೆನ್ನಿಗೆ ಬರತ್ತೆ, ಎದುರಿಗೆ ಬರಲ್ಲ."

"ಮತ್ತೆ ಯಾಕೆ ಸುಮ್ನೆ ಇದ್ರಿ?"

"ನೀನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ. ಮಧ್ಯೆ ಬಾಯಿ ಹಾಕೋದ್ಯಾಕೆ ಅಂತ."

"ಬೇಜಾರಾಯ್ತಾ?"

"ಆಯ್ತು" ಎಂದರು. "ಪ್ರಬಂಧ ತೋರಿಸ್ದಾಗ್ಲೇ ಹೇಳ್ಬಹುದಿತ್ತು ಅಪ್ಪ. ಹೇಳಿದ್ರೆ ಇಬ್ರೂ ಒಟ್ಟಿಗೇ ಹೋಗಿ ನೋಡ್ತಿದ್ವಿ." ಆಮೇಲೆ ಕಾಗದ ತೋರಿಸಿ, "ಊಟಕ್ಕೆ ಉಪ್ಪಿಲ್ಲ ಅಂತ ಇದೆ ನೋಡು" ಎಂದು ನಗಲು ಶುರು ಮಾಡಿದರು. ನಕ್ಕರು, ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಲ್ಲ ನೀರೂ ನಗುವಿನದಲ್ಲ. ಮೆಟ್ಟಿಲು ಇಳಿಯುತ್ತಿದ್ದ ಪಕ್ಕದ ಮನೆಯವರು ನಮ್ಮನ್ನು ದಾಟಿ ಹೋಗಲು ಸುತ್ತು ಹಾಕಬೇಕಾಯಿತು.

ಫ್ರಿಜ್ಜಿನ ಮೇಲೆ ಹೊಸ ಹಾಳೆ ಬಂದಿದೆ ಮಾವ, ಬರುವ ವರ್ಷಕ್ಕೆ. ಅದರಲ್ಲಿ ಎರಡೇ ಊರು. ಪ್ಯಾರಿಸ್ ಅನ್ನು ನಿಮ್ಮ ಮಗ ಬರೆದಿದ್ದಾರೆ, ಮೂರು ಬಣ್ಣದಲ್ಲಿ, ಕೆಟ್ಟದಾಗಿ. ಇನ್ನೊಂದು ಆ ಲಕೋಟೆ ಸಾಲದ ಊರು. ಅದರ ಮುಂದೆ ನಾಲ್ಕು ಜನ ಎಂದು ಬರೆದಿದೆ. ನೀವು ಗೀಟು ಹಾಕುವುದಾದರೆ ಇಲ್ಲಿಗೇ ಬಂದು ಹಾಕಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು. ನಿಯಮ ನಿಯಮವೇ.

ಸರಿಯಾದ ಪ್ರಿಂಟ್ ಜೊತೆಗಿದೆ. ಗೋಪುರ ಬಲಕ್ಕೆ, ಸೇತುವೆ ಎಡಕ್ಕೆ, ಜೇಬು ಜೇಬಿನ ಜಾಗದಲ್ಲಿ.

ಕೆಳಗಿನದನ್ನು ಇವರು ತಾವೇ ಬರೆಯುತ್ತೇನೆ ಎಂದು ಪೆನ್ನು ಕಿತ್ತುಕೊಂಡರು. ಎಣಿಸಿ ನೋಡಿ ಮಾವ, ಮೂರಕ್ಕಿಂತ ಜಾಸ್ತಿ ಇದೆ!

ಅಪ್ಪಾ,
ಪರದೆ ಇಳಿಸಬೇಡಿ.
ಆ ಊರಲ್ಲಿ ಇವಳು ಏಳುವ ಮೊದಲೇ ಎದ್ದು ಗೋಪುರದ ಪಕ್ಕದ ಸಂದಿಗೆ ಹೋಗಿದ್ದೆ.
ಏಳು ಗಂಟೆಗೆ ಒಂದು ಬಾಗಿಲು ತೆಗೆದರು.
ಅದು ಬೇಕರಿ ಅಪ್ಪಾ.
ವಾಸನೆ ಬಂತು.